ಆಚಾರ್ಯರ ಮನೆಯ ಮರಿ

ನಮ್ಮ ಮನೆಯಲ್ಲಿ ಅಡಿಗೆಮನೆಯ ಹೊಸ್ತಿಲು ದಾಟುವ ಅಧಿಕಾರ ಬೆಕ್ಕಿಗಿತ್ತು, ನನಗಿರಲಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ಸಿಗುವ ಒಂದು ಚಾಳಿನ ಮೇಲಿನ ಮಾಳಿಗೆಯ ಕೊನೆಗೆ ನಮ್ಮ ಮನೆ. ಮುಂದೊಂದು ಕೋಣೆ, ಹಗಲಲ್ಲೂ ದೀಪ ಹಾಕಬೇಕಾದ ನಡುಕೋಣೆ, ಅದರ ಹಿಂದೆ ಅಡಿಗೆಮನೆ. ಎಲ್ಲ ಮನೆಗಳ ಬಾಗಿಲ ಮುಂದೆಯೂ ಹಾದುಹೋಗುವ ಒಂದೇ ಗ್ಯಾಲರಿ, ಅದರ ತುದಿಗೆ ಜಿನ್ನೆ, ಅಂದರೆ ಕೆಳಗಿಳಿಯುವ ಮರದ ಮೆಟ್ಟಿಲು. ಅಡಿಗೆಮನೆ ಅಪ್ಪನ ಅಕ್ಕ ಭಾಗೀರಥಿ ಅತ್ತೆಯ ರಾಜ್ಯ. ಬೆಳಿಗ್ಗೆ ನಳಕ್ಕೆ ನೀರು ಬಂದ ಗಳಿಗೆಯಿಂದ ಮಧ್ಯಾಹ್ನ ಆಕೆಯ ಊಟ ಮುಗಿಯುವವರೆಗೆ ಆಕೆ ಮಡಿ. ಅಷ್ಟು ಹೊತ್ತು ನಾನು ನಡುಕೋಣೆಯಲ್ಲಿ ನಿಂತು, ಹಸಿವಾಗಿದೆ ಎಂದು ಅಲ್ಲಿಂದಲೇ ಕೂಗಿ ಹೇಳಬೇಕಿತ್ತು. ನಮ್ಮ ಬೆಕ್ಕು ತುಂಗಾ ಮಾತ್ರ ಕಕ್ಕಸಿನ ಗೋಡೆಯ ಮೇಲೆ ನಡೆದು, ಗಟಾರ ಹಾರಿ, ಅದೇ ಪಾದಗಳಲ್ಲಿ ಒಳಗೆ ಹೋಗಿ, ಅತ್ತೆಯ ಕೆಂಪು ಸೀರೆಗೆ ಮೈ ತಿಕ್ಕಿ ದೇವರ ಮುಂದೆ ಆಕಳಿಸಬಹುದಿತ್ತು. ಇದು ಯಾವ ನ್ಯಾಯ ಎಂದು ಒಮ್ಮೆ ಕೇಳಿಯೂ ಬಿಟ್ಟೆ.

"ಬೆಕ್ಕಿಗೆ ಮೈಲಿಗಿ ಇಲ್ಲ. ಶಾಸ್ತ್ರದಾಗ ಹೇಳ್ಯದ."

"ಮತ್ತ ನನಗ, ಅತ್ಯಾ?"

"ನೀ ಏನ್ ಬೆಕ್ಕೇನು?"

ಹತ್ತು ವರ್ಷದವಳಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಮನೆಯ ಹೆಂಗಸರಿಗೆಲ್ಲ ನದಿಗಳ ಹೆಸರು. ಅತ್ತೆ ಭಾಗೀರಥಿ, ಅವ್ವ ಗೋದಾವರಿ, ನಾನು ಮಲಪ್ರಭಾ, ಕರೆಯುವುದಕ್ಕೆ ಪ್ರಭಾ. ಬೆಕ್ಕಿಗೂ ಆ ಸಾಲಿನಲ್ಲೇ ತುಂಗಾ ಎಂದು ಇಟ್ಟಿದ್ದರು. ನನಗಿಂತ ಪವಿತ್ರವಾದ ನದಿಯ ಹೆಸರು ಅದಕ್ಕೆ ಸಿಕ್ಕಿದೆ ಎಂಬ ಹೊಟ್ಟೆಕಿಚ್ಚು ನನಗಿತ್ತು. ಬಾಗಲಕೋಟೆಯ ಕಡೆಯಿಂದ ಬಂದು, ಮೂರು ಕೋಣೆಗಳಲ್ಲಿ ಕೈಕಾಲು ಮಡಚಿಕೊಂಡು ಬದುಕುತ್ತಿದ್ದ ನಮಗೆ ಇಷ್ಟೊಂದು ನದಿಗಳು ಯಾಕೆ ಬೇಕಿತ್ತೋ, ಆ ದೇವರೇ ಬಲ್ಲ. ಅತ್ತೆ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವಳು. ಆಳುವುದಕ್ಕೆ ಆಕೆಗೆ ಸಿಕ್ಕಿದ್ದು ಆ ಅಡಿಗೆಮನೆ ಒಂದೇ. ಆಕೆಯನ್ನು ಕ್ಷಮಿಸಿ ಎಂದು ನಾನು ಇದನ್ನು ಹೇಳುತ್ತಿಲ್ಲ. ಅಪ್ಪ ಠಾಣೆಯ ಒಂದು ಕಂಪನಿಯಲ್ಲಿ ಹೆಡ್‌ಕ್ಲಾರ್ಕ್. ಅಲ್ಲಿ ಹನ್ನೆರಡು ಮಂದಿಯನ್ನು ಗದರಿಸುತ್ತಿದ್ದನಂತೆ. ಮನೆಯಲ್ಲಿ ಅಕ್ಕನ ದನಿ ಏರಿದರೆ ಮರಾಠಿ ಪೇಪರು ಬಿಚ್ಚಿ ಅದರ ಹಿಂದೆ ಅಡಗುತ್ತಿದ್ದ. ಅವ್ವ ಮಾತಾಡುತ್ತಿರಲಿಲ್ಲ. ಅವ್ವನ ಮೌನ ದೊಡ್ಡ ಗುಣ ಎಂದು ಬಳಗವೆಲ್ಲ ಹೊಗಳುತ್ತಿತ್ತು. ಆ ಗುಣದಿಂದ ಯಾರಿಗೆ ಏನು ಉಪಕಾರವಾಯಿತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ತುಂಗಾಳ ಸಾತ್ವಿಕತೆ ನಮ್ಮ ಚಾಳಿನಲ್ಲಿ ಪ್ರಸಿದ್ಧವಾಗಿತ್ತು, ಅಂದರೆ ಅತ್ತೆ ಪ್ರಸಿದ್ಧಗೊಳಿಸಿದ್ದಳು. ಯಾರೇ ಬಂದರೂ ಚಹಾದ ಜೊತೆಗೆ ಅದನ್ನೂ ಕೇಳಿಸಿಕೊಳ್ಳಬೇಕಿತ್ತು. ಹಾಲು ಅನ್ನ, ತುಪ್ಪದ ಅನ್ನ, ಅಧಿಕ ಮಾಸದಲ್ಲಿ ಒಂದು ಹೊತ್ತಿನ ಊಟ. ಏಕಾದಶಿಗೆ ಅತ್ತೆಯ ಜೊತೆ ತುಂಗಾಳಿಗೂ ನಿರಾಹಾರ. ಮೀನಿನ ವಾಸನೆ ಬಂದರೆ ನಮ್ಮ ತುಂಗಾ ಮುಖ ತಿರುಗಿಸುತ್ತಾಳೆ ಎಂದು ಅತ್ತೆ ಎದೆಯುಬ್ಬಿಸಿ ಹೇಳುವಾಗ, ಕೇಳುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಯಾಕೆಂದರೆ ಚಾಳಿಗೆ ಚಾಳೇ ಬಲ್ಲ ಸಂಗತಿಯೊಂದಿತ್ತು, ಅದು ನಮ್ಮ ಮನೆಯ ದೊಡ್ಡವರಿಗೆ ಮಾತ್ರ ಗೊತ್ತಿರಲಿಲ್ಲ. ದಿನವೂ ಮಧ್ಯಾಹ್ನ ಅತ್ತೆ ಊಟ ಮುಗಿಸಿ ಅಡ್ಡಾದ ಕೂಡಲೇ ತುಂಗಾ ಜಿನ್ನೆ ಇಳಿದು ಕೆಳಮಾಳಿಗೆಯ ಗುಲಾಬಿ ಅಕ್ಕನ ಬಾಗಿಲಿಗೆ ಹೋಗಿ ಬಂಗುಡೆಯ ತಲೆ ತಿನ್ನುತ್ತಿದ್ದಳು. ಏಕಾದಶಿಯ ದಿನ ಎರಡು ತಲೆ ಹೆಚ್ಚು.

ಗುಲಾಬಿ ಅಕ್ಕ ಉಡುಪಿಯ ಕಡೆಯವರು. ಅವರ ಗಂಡ ಕಾರ್ಖಾನೆಗಳಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಮಗಳು ಜಲಜಾ ನನ್ನದೇ ಕ್ಲಾಸು, ನನ್ನದೇ ಬೆಂಚು. ಮನೆಯಲ್ಲಿ ತುಳು, ನಮ್ಮೊಂದಿಗೆ ಕನ್ನಡ, ಉಳಿದವರೊಡನೆ ಮರಾಠಿ. ಅವರ ಕನ್ನಡವನ್ನು ಅತ್ತೆ ಕನ್ನಡ ಎಂದು ಒಪ್ಪುತ್ತಿರಲಿಲ್ಲ. ಅವರನ್ನು 'ಕೆಳಗಿನವರು' ಎನ್ನುತ್ತಿದ್ದಳು, ಮುಖ ನೋಡಿದವಳಲ್ಲ. ವಾರದ ಅರ್ಧ ಮಧ್ಯಾಹ್ನಗಳನ್ನು ನಾನು ಆ ಮನೆಯಲ್ಲಿ ಕಳೆಯುತ್ತಿದ್ದೆ. ಲೈಬ್ರರಿ, ಹಿಂದಿ ಪರೀಕ್ಷೆಯ ಕ್ಲಾಸು ಎಂದು ಸುಳ್ಳು ಹೇಳಿ ಹೋಗುತ್ತಿದ್ದೆ. ಗುಲಾಬಿ ಅಕ್ಕ ನನಗೆ ನೀರುದೋಸೆ, ಬೆಲ್ಲ ಹಾಕಿದ ತೆಂಗಿನತುರಿ ಕೊಡುತ್ತಿದ್ದರು. ಮೀನಿನ ಪಾತ್ರೆ ತಾಗದ ಹಾಗೆ ಬೇರೆ ತಟ್ಟೆ ಇಟ್ಟಿದ್ದರು, ನಾನು ಕೇಳದೆಯೇ. ಒಂದು ದಿನವೂ ನಾನು ಮೀನು ಮುಟ್ಟಲಿಲ್ಲ. ಅವರ ಮನೆಯಲ್ಲಿ ಕುಳಿತು, ಅವರ ಅನ್ನ ತಿನ್ನುತ್ತ, ಅವರಿಗಿಂತ ನಾನು ಸ್ವಲ್ಪ ಮೇಲು ಎಂದು ಒಳಗೊಳಗೇ ಹೆಮ್ಮೆ ಪಡುತ್ತಿದ್ದೆ. ಅಷ್ಟು ದೊಡ್ಡ ಮನುಷ್ಯಳು ನಾನು.

ಆ ಮನೆಯ ಅಕ್ಕಿಚೀಲದ ಹಿಂದೆ ಯಾವುದೋ ಬೀದಿಬೆಕ್ಕು ಮೂರು ಮರಿ ಹಾಕಿ ಹೋಗಿತ್ತು. ಎರಡನ್ನು ಯಾರೋ ಒಯ್ದರು. ಉಳಿದದ್ದು ಒಂದು ಕಿವಿ ಮಾತ್ರ ಕಪ್ಪಿರುವ ಬಿಳಿಯ ಮರಿ. ತಾಯಿ ಬರುವುದು ನಿಂತ ಮೇಲೆ ಅದು ಜಲಜಾಳ ಹಳೆಯ ಫ್ರಾಕಿನ ಮೇಲೆ ಮಲಗುತ್ತಿತ್ತು. ಮೀನಿಗೆಂದು ಬಂದ ತುಂಗಾ, ತಿಂದಾದ ಮೇಲೆ ಅದರ ಪಕ್ಕ ಉರುಳಿಕೊಂಡು ಅದನ್ನು ನೆಕ್ಕುತ್ತಿದ್ದಳು. ಮೇಲೆ ಬಂದು ಮತ್ತೆ ದೇವರ ಮುಂದೆ ಆಕಳಿಸುತ್ತಿದ್ದಳು. ಹೀಗಿರುವಾಗ ಜಲಜಾಳ ಅಪ್ಪನಿಗೆ ಗುಡ್ಡಗಳ ಆಚೆ, ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನು ಸಿಕ್ಕಿತು. ಹತ್ತಿರದಲ್ಲೇ ಮನೆ, ಬರುವ ಭಾನುವಾರ ಹೊರಡುವುದು ಎಂದಾಯಿತು.

"ಅಲ್ಲಿ ಬೆಕ್ಕು ತರ್ಲಿಕ್ಕೆ ಬಿಡುದಿಲ್ವಂತೆ. ನೀನು ಇಟ್ಕೊಳ್ತೀಯಾ? ನಿಮ್ಮ ತುಂಗನಿಗೆ ಇದು ಗೊತ್ತುಂಟಲ್ಲ," ಎಂದಳು ಜಲಜಾ. "ನೀನು ಇಟ್ಕೊಂಡ್ರೆ ನಾನು ನೋಡ್ಲಿಕ್ಕೆ ಬರಬಹುದು. ಬೇರೆಯವ್ರ ಮನೆಗೆ ಹೇಗೆ ಹೋಗುದು?"

ಇಟ್ಟುಕೊಳ್ಳುತ್ತೇನೆ ಎಂದೆ. ಅದೃಷ್ಟಕ್ಕೆ ನಮ್ಮ ಮನೆಯಲ್ಲೂ ಆಗ ಇನ್ನೊಂದು ಬೆಕ್ಕಿನ ಮಾತು ನಡೆದಿತ್ತು. ಇಲಿಗಳು ವಿಪರೀತವಾಗಿದ್ದವು. ಹೊಟ್ಟೆ ತುಂಬ ಮೀನು ತಿಂದು ಬರುವ ತುಂಗಾ ಇಲಿಯ ಗೊಡವೆಗೆ ಹೋಗುತ್ತಿರಲಿಲ್ಲ. ಅತ್ತೆ ಇದಕ್ಕೆ ಅಹಿಂಸೆ ಎಂದು ಹೆಸರಿಟ್ಟಿದ್ದಳು. ಆಕೆಗೆ ಬೇಕಾಗಿದ್ದದ್ದು ಇಲಿಗಳನ್ನು ಹೆದರಿಸುವ, ಆದರೆ ಕೊಲ್ಲದ, ಒಳ್ಳೆಯ ಮನೆತನದ ಮರಿ. ಅಂಥ ಮರಿ ಎಲ್ಲಿ ಸಿಗುತ್ತದೆ ಎಂದು ಎಲ್ಲರಿಗೂ ಹೇಳಿಟ್ಟಿದ್ದಳು. ಸೋಮವಾರ ಸಂಜೆ ನಾನು ಮರಿಯನ್ನು ಸ್ಕೂಲಿನ ಚೀಲದಲ್ಲಿ ಹಾಕಿಕೊಂಡು ಹಿಂದಿನ ಗಲ್ಲಿಯಿಂದ ಒಂದು ಸುತ್ತು ಹೊಡೆದು, ದೂರದಿಂದ ಬಂದವಳ ಹಾಗೆ ಮನೆಗೆ ಬಂದೆ.

"ಟಿಳಕನಗರದಾಗ ರಾಮಾಚಾರ್ರು ಅಂತ ಹೊಸದಾಗಿ ಬಂದಾರ, ಅತ್ಯಾ. ಅವರ ಮೊಮ್ಮಗಳು ನಮ್ಮ ಸಾಲಿಯೊಳಗ ಇದ್ದಾಳ. ಅವರ ಮನೀ ಮರಿ."

"ವೈಷ್ಣವರೇನು?"

"ಹೂಂ. ಮುದ್ರಿ ಹಾಕ್ಕೋತಾರ."

"ಮರಿಗೆ ಏನ್ ಹಾಕ್ತಿದ್ರಂತ?"

"ನೈವೇದ್ಯದ ಹಾಲು," ಎಂದೆ. ಅಷ್ಟು ಸಲೀಸಾಗಿ ಬಂದ ಸುಳ್ಳು ನನ್ನ ಬಾಯಿಂದ ಅದಕ್ಕೂ ಮೊದಲು ಬಂದಿರಲಿಲ್ಲ. ಅತ್ತೆಯ ಮುಖ ಅರಳಿತು. ಅವ್ವ ಮಾತ್ರ ಮರಿಯ ಹತ್ತಿರ ಬಗ್ಗಿ, ಒಮ್ಮೆ ಮೂಸಿ, ನನ್ನ ಮುಖ ನೋಡಿ, ತೊಳೆದ ಬಟ್ಟೆ ಮಡಚುವುದಕ್ಕೆ ಹೊರಟುಹೋದಳು. ಅತ್ತೆ ಷರತ್ತು ಹಾಕಿದಳು. ಶನಿವಾರ ಏಕಾದಶಿ. ಅಷ್ಟರೊಳಗೆ ತುಂಗಾ ಇದನ್ನು ಒಪ್ಪಿಕೊಂಡರೆ ಮರಿ ನಮ್ಮದು. ಇಲ್ಲದಿದ್ದರೆ ಭಾನುವಾರ ಅಪ್ಪ ಅದನ್ನು ಚೀಲದಲ್ಲಿ ಕಟ್ಟಿ ಠಾಕುರ್ಲಿಯ ಹಳಿಗಳಾಚೆ ಬಿಟ್ಟು ಬರಬೇಕು. ಹಿಂದೊಮ್ಮೆ ಒಂದು ನಾಯಿಮರಿಯನ್ನು ಅಪ್ಪ ಹಾಗೆ ಬಿಟ್ಟು ಬಂದಿದ್ದ. ಆ ದಿನ ಸ್ನಾನ ಮಾಡಿ, ಏನೂ ಆಗದವನ ಹಾಗೆ ಕೋಸಂಬರಿ ತಿಂದಿದ್ದ. ಹಾಗಾಗಿ ಅವನು ಈ ಸಲವೂ ಹೋಗುತ್ತಾನೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ.

ಆಚಾರ್ಯರ ಮನೆಯದಾದರೂ ಮರಿ ಗಟಾರ ದಾಟಿ ಬಂದಿತ್ತು, ಮೇಲಾಗಿ ಯಾರ್ಯಾರೋ ಮುಟ್ಟಿದ ಚೀಲದಲ್ಲಿ. ಆದ್ದರಿಂದ ಆ ರಾತ್ರಿ ತುಂಗಾಳ ಕಣ್ಣಿಗೆ ಬೀಳದ ಹಾಗೆ ಬಚ್ಚಲಲ್ಲಿ ಬುಟ್ಟಿಯ ಕೆಳಗೆ, ಮಂಗಳವಾರ ಬೆಳಿಗ್ಗೆ ಶುದ್ಧಿ. ಅಪ್ಪ ಎಂಟೂ ಹನ್ನೆರಡರ ಲೋಕಲ್ ತಪ್ಪಿಸಿಕೊಂಡು ತಬೇಲಕ್ಕೆ ಹೋಗಿ, ಎಮ್ಮೆಗಳ ನಡುವೆ ಒಂದು ಆಕಳು ಹುಡುಕಿ, ಗೋಮೂತ್ರ ತಂದ. ಕಚೇರಿಯ ಇಸ್ತ್ರಿ ಪ್ಯಾಂಟು ಹಾಕಿಕೊಂಡು, ಕೈಯಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದು, ಮೂಗು ಆಚೆ ತಿರುಗಿಸಿ ಜಿನ್ನೆ ಹತ್ತಿ ಬಂದ ಅಪ್ಪನ ಚಿತ್ರ ನನ್ನ ಕಣ್ಣಿನಿಂದ ಹೋಗಿಲ್ಲ. ಮೊದಲು ಸೀಗೆಪುಡಿ, ಆಮೇಲೆ ಅರಿಶಿನ, ಗೋಮೂತ್ರ, ಕೊನೆಗೆ ತುಳಸಿಯ ನೀರು. ಮರಿ ಬಚ್ಚಲಲ್ಲಿ ಕಿರುಚಿದ್ದು ಕೇಳಿ ಕೆಳಗಿನ ಅಂಗಳದಲ್ಲಿ ಜನ ಮೇಲೆ ನೋಡುತ್ತ ನಿಂತರು. ಒರೆಸಿದ ಮೇಲೆ ಅದು ಹಳದಿ ಇಲಿಯ ಹಾಗೆ ಕಾಣುತ್ತಿತ್ತು. ಅತ್ತೆ ಅದನ್ನು ಸ್ಟೋವಿನ ಸುತ್ತ ಮೂರು ಸಲ ಸುತ್ತಿಸಿ, ಕನ್ನಡಿ ತೋರಿಸಿ, ನಾಲ್ಕೂ ಪಾದಗಳಿಗೆ ಬೆಣ್ಣೆ ಹಚ್ಚಿದಳು. ಹಾಗೆ ಮಾಡಿದರೆ ಮರಿ ಮನೆ ಬಿಟ್ಟು ಹೋಗುವುದಿಲ್ಲವಂತೆ. ವರದಾ ಎಂದು ಇನ್ನೊಂದು ನದಿಯ ಹೆಸರಿಟ್ಟು, ತುಂಗಾಳನ್ನು ಕರೆದು, ಹೊಸ ಸೊಸೆಯನ್ನು ತೋರಿಸುವವಳ ಹಾಗೆ ಎದುರಿಗೆ ಕೂರಿಸಿದಳು.

ತುಂಗಾ ಮೂಗು ಮುಂದೆ ಮಾಡಿದಳು. ಮರುಗಳಿಗೆ ಬೆನ್ನು ಬಿಲ್ಲಾಗಿ, ಬಾಲ ಮೂರು ಪಟ್ಟು ಉಬ್ಬಿ, ಬಾಯಿಂದ ಬುಸ್ ಎಂಬ ಸದ್ದು ಬಂತು. ಮರಿಯ ಮುಖಕ್ಕೆ ಒಂದು ಏಟು ಬಿಗಿದು, ದೇವರ ಮಂಟಪವನ್ನೇ ಮೆಟ್ಟಿಲು ಮಾಡಿಕೊಂಡು ಅಟ್ಟಕ್ಕೆ ಹಾರಿದಳು. ಎರಡು ಸಾಲಿಗ್ರಾಮ ಉರುಳಿ ಹಿಟ್ಟಿನ ಡಬ್ಬಿಯ ಕೆಳಗೆ ಹೋದವು. ತಡಕಾಡಿ ತೆಗೆಯುವ ಹೊತ್ತಿಗೆ ಅಪ್ಪನಿಗೆ ಒಂಬತ್ತರ ಗಾಡಿಯೂ ಹೋಯಿತು. ಮುಂದಿನ ಎರಡು ದಿನ ತುಂಗಾ ಅಟ್ಟದಿಂದ ಇಳಿದದ್ದು ಮಧ್ಯಾಹ್ನದ ಮೀನಿಗೆ ಮಾತ್ರ. ಮನೆಯ ಹಾಲು ಅನ್ನ ಮುಟ್ಟಲಿಲ್ಲ. ಬೆಕ್ಕು ಉಪವಾಸ ಬಿದ್ದಿದೆ ಎಂದು ಅತ್ತೆಯೂ ಅರೆಹೊಟ್ಟೆ ಉಂಡಳು. ವರದಾ ಬಚ್ಚಲಲ್ಲಿ ಬುಟ್ಟಿಯ ಕೆಳಗೆ ಕುಳಿತು ಗಂಟಲು ಒಣಗುವವರೆಗೆ ಅತ್ತಿತು. ಅಪ್ಪ ಒಮ್ಮೆ ಮಧ್ಯಸ್ಥಿಕೆಗೆ ಬಂದ. ಎರಡೂ ಬೆಕ್ಕಿನ ನಡುವೆ ಪೇಪರು ಅಡ್ಡ ಹಿಡಿದು, ದಿನಕ್ಕೆ ಒಂದು ಪುಟ ಸರಿಸುತ್ತ ಹೋದರೆ ಅಭ್ಯಾಸವಾಗುತ್ತದೆ ಎಂದ. ಆಫೀಸಿನಲ್ಲಿ ಹೊಸಬರು ಬಂದಾಗ ಹೀಗೇ ಮಾಡುತ್ತಾರಂತೆ. ತುಂಗಾ ಆ ಪೇಪರನ್ನೂ ಅಪ್ಪನ ಹೆಬ್ಬೆರಳನ್ನೂ ಹರಿದಳು. ಬುಧವಾರ ಸಂಜೆ ಅತ್ತೆ ನನ್ನನ್ನು ನಡುಕೋಣೆಯಲ್ಲಿ ನಿಲ್ಲಿಸಿಕೊಂಡಳು.

"ಖರೇ ಹೇಳು. ಇದು ಆಚಾರ್ರ ಮನೀದು ಹೌದೋ ಅಲ್ಲೋ? ನನ್ನ ತುಂಗಾಗ ಮನುಷ್ಯಾರಿಗಿಂತ ಹೆಚ್ಚು ತಿಳೀತದ. ಆಕಿ ಕುಲ ನೋಡದೇ ಬುಸ್ ಅನ್ನಾಕಿ ಅಲ್ಲ."

"ದೇವರಾಣಿ ಹೌದು, ಅತ್ಯಾ."

ಆ ದಿನ ದೇವರನ್ನೂ ಸುಳ್ಳಿಗೆ ಬಳಸಿ ಮುಗಿಸಿದೆ. ಗುರುವಾರ ಮಧ್ಯಾಹ್ನ ಕೆಳಗೆ ಹೋದಾಗ ಜಲಜಾ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ತುಂಬುತ್ತಿದ್ದಳು. ತುಂಗಾ ಅಕ್ಕಿಚೀಲ ಇದ್ದ ಮೂಲೆಯಲ್ಲಿ ಸುತ್ತುತ್ತಿದ್ದಳು. ಮೀನಿನ ತಲೆ ಅರ್ಧ ತಿಂದು ಬಿಟ್ಟಿದ್ದಳು.

"ಎರಡು ದಿನ ಆಯ್ತು ಮಾರಾಯ್ತಿ, ಇಲ್ಲಿ ಬಂದು ಮೂಸಿ ಮೂಸಿ ಹುಡುಕ್ತದೆ," ಎಂದಳು ಜಲಜಾ. "ಮರಿ ನಿಮ್ಮಲ್ಲೇ ಇಲ್ವಾ? ಮತ್ತೆ ಇಲ್ಲಿ ಎಂತ ಹುಡುಕುದು?"

ಅಳು ತಡೆದುಕೊಂಡು ಎಲ್ಲ ಹೇಳಿದೆ. ಸೀಗೆಪುಡಿ, ಅರಿಶಿನ, ತಬೇಲ. ಅವಳು ಮೊದಲು ನಂಬಲಿಲ್ಲ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ತುಂಗಾಳ ಕಡೆ ನೋಡಿದಳು. ನಮ್ಮ ಮನೆಯ ದೊಡ್ಡವರು ಮೂರು ದಿನ ತಲೆ ಕೆಡಿಸಿಕೊಂಡದ್ದು ಅವಳಿಗೆ ಒಂದು ನಿಮಿಷ ಹಿಡಿಯಿತು.

"ಅಯ್ಯೋ ಪೆದ್ದೇ. ವಾಸನೆ ತೊಳ್ದು ಬಿಟ್ರಲ್ಲ ನೀವು! ಅದಕ್ಕೆ ಇದು ಯಾರಂತ ಹೇಗೆ ಗೊತ್ತಾಗ್ಬೇಕು? ಮುಖ ನೋಡಿ ಗುರ್ತು ಹಿಡೀಲಿಕ್ಕೆ ಅದೇನು ಮನುಷ್ಯರಾ?"

ಒಳಗೆ ಹೋಗಿ, ಆಗಲೇ ಕಟ್ಟಿಟ್ಟಿದ್ದ ಗಂಟೊಂದನ್ನು ಬಿಚ್ಚಿ, ಮರಿ ಮಲಗುತ್ತಿದ್ದ ಆ ಫ್ರಾಕು ತಂದಳು. ನೀಲಿ ಬಟ್ಟೆ, ಎದೆಯ ಮೇಲೆ ಕೆಂಪು ದಾರದ ಮೂರು ಹೂ. ಮೀನು, ಹಾಲು, ಮರಿಯ ಉಚ್ಚೆ, ಎಲ್ಲ ಸೇರಿದ ಗಬ್ಬು ವಾಸನೆ.

"ಇದ್ರಲ್ಲಿ ಮೈಯೆಲ್ಲ ತಿಕ್ಕು. ದಿನಾ ತಿಕ್ಕು. ಆದ್ರೆ ವಾಪಸ್ ಕೊಡ್ಬೇಕು ಹಾಂ. ನಾನು ಶಾಲೆಗೆ ಸೇರಿದಾಗ ಅಮ್ಮ ಹೊಲಿದದ್ದು. ಭಾನುವಾರ ಹೊರಡುವಾಗ ಮರಿಯನ್ನೂ ನೋಡಿ, ಫ್ರಾಕ್ ತಗೊಂಡು ಹೋಗ್ತೇನೆ."

ಫ್ರಾಕನ್ನು ಮನೆಯೊಳಗೆ ಇಡುವಂತಿರಲಿಲ್ಲ. ಬಾಗಿಲ ಹೊರಗೆ, ಗ್ಯಾಲರಿಯಲ್ಲಿದ್ದ ಚಪ್ಪಲಿಯ ಗೂಡಿನ ಹಿಂದೆ ತುರುಕಿದೆ. ಅತ್ತೆ ಅಡ್ಡಾದ ಮೇಲೆ ಬಚ್ಚಲಿಗೆ ಒಯ್ದು ಮರಿಗೆ ತಿಕ್ಕಿದೆ. ಗುರುವಾರ ಎರಡು ಸಲ, ಶುಕ್ರವಾರ ಮೂರು ಸಲ. ಅರಿಶಿನ ಹೋಗಲಿಲ್ಲ, ವಾಸನೆ ಬಂತು. ಶುಕ್ರವಾರ ಸಂಜೆ ತುಂಗಾ ಅಟ್ಟದ ಅಂಚಿಗೆ ಬಂದು ಮೂಗು ಆಡಿಸಿದಳು. ಶನಿವಾರ, ಏಕಾದಶಿಯ ದಿನ, ಅತ್ತೆ ಜಪಕ್ಕೆ ಕುಳಿತಿದ್ದಾಗ ನಾನು ಬುಟ್ಟಿ ಎತ್ತಿದೆ. ಮರಿ ಅಡಿಗೆಮನೆಯ ಹೊಸ್ತಿಲ ಮೇಲೆ ಹೋಗಿ ನಡುಗುತ್ತ ನಿಂತಿತು. ತುಂಗಾ ಇಳಿದು ಬಂದಳು. ಕಿವಿ ಮೂಸಿದಳು, ಹೊಟ್ಟೆ ಮೂಸಿದಳು, ಬಾಲದ ಬುಡ ಮೂಸಿದಳು. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂಬಂತೆ ತಲೆಗೊಂದು ಸಣ್ಣ ಏಟು ಕೊಟ್ಟು, ಮುಂಗಾಲಿನಿಂದ ಒತ್ತಿ ಹಿಡಿದು ಕಿವಿಯಿಂದ ಬಾಲದವರೆಗೆ ನೆಕ್ಕಲು ಶುರು ಮಾಡಿದಳು. ನನಗೆ ಅಳುವೇ ಬಂತು. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಮತ್ತೆ ಆದ ನೆನಪಿಲ್ಲ.

ಅತ್ತೆ ಜಪಮಾಲೆ ಕೆಳಗಿಟ್ಟು ಕೈ ಮುಗಿದಳು. "ನೋಡಿದೇನೋ ತಮ್ಮಾ, ಗೋಮೂತ್ರದ ಪ್ರಭಾವ! ನಾಕು ದಿನಕ್ಕ ಒಳಗ ಇಳೀತದ ಅಂತ ನಮ್ಮ ಆಯಿ ಹೇಳತಿದ್ದಳು," ಎಂದಳು. ಅಪ್ಪ ಬ್ಯಾಂಡೇಜಿನ ಹೆಬ್ಬೆರಳು ನೋಡಿಕೊಂಡು, "ಹೌದಕ್ಕಾ," ಎಂದ. ತಾನು ಪೇಪರು ಅಡ್ಡ ಹಿಡಿದದ್ದೂ ಕೆಲಸ ಮಾಡಿರಬಹುದು ಎಂದು ಆಮೇಲೆ ಅವ್ವನ ಹತ್ತಿರ ಮೆಲ್ಲಗೆ ಹೇಳಿದನಂತೆ. ಇಂಥ ಮೂರ್ಖರ ನಡುವೆ ಬೆಳೆದೆ ಎಂದು ಬಹಳ ವರ್ಷ ನಾನು ಗೆಳತಿಯರಿಗೆ ಇದನ್ನು ನಗುತ್ತ ಹೇಳಿದ್ದುಂಟು. ಕಥೆಯನ್ನು ಯಾವಾಗಲೂ ಇಲ್ಲಿಗೆ ನಿಲ್ಲಿಸುತ್ತಿದ್ದೆ.

ಭಾನುವಾರ ದ್ವಾದಶಿ. ಬೆಳಿಗ್ಗೆ ಬೇಗ ಪಾರಣೆ ಮುಗಿಸಿದ ಅತ್ತೆಗೆ ತನ್ನ ಪವಾಡವನ್ನು ನಾಲ್ಕು ಜನಕ್ಕೆ ತೋರಿಸದೆ ಇರಲಾಗಲಿಲ್ಲ. ಎರಡೂ ಬೆಕ್ಕು ಒಂದೇ ತಟ್ಟೆಯಲ್ಲಿ ಪಾಯಸ ತಿನ್ನುವುದನ್ನು ನೋಡಲು ನಮ್ಮ ಮಾಳಿಗೆಯ ಹೆಂಗಸರಿಗೆಲ್ಲ ಕರೆ ಹೋಯಿತು. ಬಂದವರಿಗೆ ಅರಿಶಿನ ಕುಂಕುಮ. ವಿಧವೆಯಾದ ಅತ್ತೆ ಕೊಡುವಂತಿಲ್ಲ, ಅವ್ವ ತಟ್ಟೆ ಹಿಡಿದು ನಿಂತಿದ್ದಳು. ಐದಾರು ಮಂದಿ ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತು, 'ಕಿತಿ ಗೋಡ್', ಎಷ್ಟು ಮುದ್ದು, ಎನ್ನುತ್ತ, ನಗು ನುಂಗುತ್ತ, ಪಾಯಸಕ್ಕೆ ಕಾಯುತ್ತಿದ್ದರು. ಅತ್ತೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು. ಒಳ್ಳೆಯ ಮನೆತನದ ಮರಿ ಹುಡುಕಿ ತಂದವಳು ನಮ್ಮ ಪ್ರಭಾ ಎಂದು ಹೊಗಳುತ್ತಿದ್ದಳು. ಹತ್ತು ವರ್ಷದಲ್ಲಿ ಆಕೆ ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಕಾಲು ನೆಲದ ಮೇಲಿರಲಿಲ್ಲ. ಕೆಳಗೆ ಟೆಂಪೊಗೆ ಸಾಮಾನು ಏರಿಸುವ ಸದ್ದು ಬೆಳಿಗ್ಗೆಯಿಂದಲೂ ಕೇಳುತ್ತಿತ್ತು. ಕೇಳದವಳ ಹಾಗೆ ಇದ್ದೆ.

ಜಲಜಾ ಹೊಸ ಲಂಗ ಹಾಕಿಕೊಂಡು, ಎಣ್ಣೆ ಹಚ್ಚಿದ ಎರಡು ಜಡೆ ಹೆಣೆದುಕೊಂಡು ಬಾಗಿಲಿಗೆ ಬಂದಳು. ಅಷ್ಟು ಜನರನ್ನು ನೋಡಿ ಸ್ವಲ್ಪ ನಾಚಿದಳು. ನನ್ನನ್ನು ಕಂಡು ನಕ್ಕಳು.

"ಪ್ರಭಾ, ನಮ್ಮ ಪುಚ್ಚೆ ಮರಿ ಹೇಗುಂಟು?"

ಅತ್ತೆ ತಿರುಗಿದಳು. "ಯಾರದು? ಯಾರ ಮರಿ ಅಂದ್ಳು? ಪ್ರಭಾ, ಈ ಹುಡುಗಿ ನಿನಗ ಗೊತ್ತೇನು?"

ಚಾಪೆಯ ಮೇಲಿನ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿ ಕುಳಿತರು. ಅವರಿಗೆ ಎಲ್ಲ ಗೊತ್ತಿತ್ತು. ನಾನು ಆ ಮನೆಗೆ ಹೋಗಿಬರುವುದನ್ನು ಗ್ಯಾಲರಿಯಿಂದ ನೋಡಿದವರೇ ಅವರು. ಒಬ್ಬರೂ ಬಾಯಿ ಬಿಡಲಿಲ್ಲ. ಮುಂದೆ ಏನಾಗುತ್ತದೆ ಎಂದು ನೋಡುವ ಚಟ ಅವರಿಗೆ. ಹೌದು, ಇವಳು ನನ್ನ ಗೆಳತಿ, ಮರಿ ಇವಳದೇ ಎಂದಿದ್ದರೆ ಮರಿ ಅಂದು ಸಂಜೆಗೆ ಠಾಕುರ್ಲಿಯಲ್ಲಿರುತ್ತಿತ್ತು. ಮರಿಯನ್ನು ಉಳಿಸುವುದಕ್ಕೆ ಸುಳ್ಳು ಹೇಳಿದೆ ಎಂದು ಹೇಳಿಕೊಳ್ಳಲು ನನಗೆ ಬಹಳ ಅನುಕೂಲ. ಆದರೆ ಮರಿಯನ್ನು ಉಳಿಸಲು ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ.

"ಗೊತ್ತಿಲ್ಲ, ಅತ್ಯಾ. ಕೆಳಗಿನವರು," ಎಂದೆ. ಜಲಜಾ ಹೊಸ್ತಿಲ ಮೇಲೆ ಕಾಲಿಟ್ಟಿದ್ದಳು. ಅವಳ ಕಡೆ ತಿರುಗಿ, ಅತ್ತೆಯ ದನಿಯಲ್ಲೇ, ಕೈಯನ್ನೂ ಅತ್ತೆಯ ಹಾಗೆಯೇ ಮಾಡಿ, "ಅಲ್ಲೇ ನಿಂದ್ರು. ಒಳಗ ಬರಬ್ಯಾಡ. ಮಡಿ ಅದ," ಎಂದೆ.

ಆ ದನಿ ನನ್ನೊಳಗೆ ಎಲ್ಲಿತ್ತೋ. ಎಷ್ಟು ಚೆನ್ನಾಗಿ ಬಂತೆಂದರೆ ಅತ್ತೆಯೇ ಮೆಚ್ಚಿ ತಲೆಯಾಡಿಸಿದಳು. ಅಷ್ಟರಲ್ಲಿ ತುಂಗಾ ಪಾಯಸದ ತಟ್ಟೆ ಬಿಟ್ಟು ಎದ್ದಳು. ಅವಳ ಹಿಂದೆ ಮರಿ. ಎರಡೂ ಕೋಣೆ ದಾಟಿ, ಹೆಂಗಸರ ನಡುವೆ ಹಾದು, ಬಾಗಿಲಿಗೆ ಹೋಗಿ ಜಲಜಾಳ ಕಾಲಿಗೆ ಮೈ ತಿಕ್ಕಿದವು. ತುಂಗಾ ಅವಳ ಲಂಗದ ಅಂಚಿಗೆ ತಲೆ ಒತ್ತಿ ಗುರ್ ಎಂದಳು. ಜಲಜಾ ಬಗ್ಗಿ ಮರಿಯ ಕಪ್ಪು ಕಿವಿಯನ್ನು ಒಮ್ಮೆ ಮುಟ್ಟಿದಳು. ಎದ್ದು ನಿಂತು, ನನ್ನನ್ನು ಬಿಟ್ಟು, ಅತ್ತೆಯನ್ನು ನೋಡಿದಳು.

"ನಂಗೊತ್ತಿಲ್ಲ, ಆಂಟಿ. ಬೆಕ್ಕು ನೋಡ್ಲಿಕ್ಕೆ ಎಲ್ರೂ ಬಂದಿದ್ರಲ್ಲ, ಹಾಗೆ ಬಂದದ್ದು."

ಫ್ರಾಕು ಕೇಳಲಿಲ್ಲ. ಅವ್ವ ಕುಂಕುಮದ ತಟ್ಟೆ ಹಿಡಿದು ಅವಳ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅತ್ತೆ ಒಮ್ಮೆ ನೋಡಿದಳು, ಅವ್ವ ಅಲ್ಲೇ ನಿಂತಳು. ಜಲಜಾ ಗ್ಯಾಲರಿಯಲ್ಲಿ ನಡೆದುಹೋದಳು. ಅತ್ತೆ ಬೆಕ್ಕುಗಳನ್ನು ಒಳಗೆ ಓಡಿಸಿ, "ಥೂ, ಹೊಸ್ತಿಲ ತುಳದ್ಲು. ಪ್ರಭಾ, ಒಂದು ಅರಿವಿ ತೊಗೊಂಡು ನೀರ್ ಹಾಕಿ ಒರಸು," ಎಂದಳು.

ಒರೆಸುವ ಅರಿವೆ ಬಚ್ಚಲಲ್ಲಿತ್ತು. ಅದಕ್ಕೆ ಹೆಂಗಸರನ್ನೆಲ್ಲ ದಾಟಿ ನಡುಕೋಣೆಗೆ ಹೋಗಬೇಕು. ಚಪ್ಪಲಿಯ ಗೂಡು ಬಾಗಿಲ ಪಕ್ಕದಲ್ಲೇ ಇತ್ತು. ಕೈ ಹಾಕಿ ಎಳೆದೆ. ಗಡಿಬಿಡಿಯಲ್ಲಿ ಯಾವುದೋ ಬಟ್ಟೆ ಸಿಕ್ಕಿತು, ಗೊತ್ತಾಗಲಿಲ್ಲ ಎಂದು ಹೇಳಬಹುದಿತ್ತು. ಗೊತ್ತಿತ್ತು. ನೀಲಿ ಬಟ್ಟೆ ಕಂಡಿತು, ಕೆಂಪು ಹೂ ಕಂಡಿತು, ವಾಸನೆ ಮೂಗಿಗೆ ಬಂತು. ಅತ್ತೆ ಮೇಲಿಂದ ನೀರು ಚಿಮುಕಿಸಿದಳು. ಜಲಜಾ ನಿಂತಿದ್ದ ಜಾಗವನ್ನು ಅವಳದೇ ಫ್ರಾಕಿನಿಂದ ನಾನು ಮಂಡಿಯೂರಿ ಒರೆಸಿದೆ. ಮೂಲೆಗಳನ್ನೂ ಬಿಡಲಿಲ್ಲ. ಒರೆಸಿ ತಲೆಯೆತ್ತಿದರೆ ಜಲಜಾ ಹೋಗಿರಲಿಲ್ಲ. ಗ್ಯಾಲರಿಯ ತುದಿಗೆ, ಜಿನ್ನೆಯ ಮೇಲಿನ ಮೆಟ್ಟಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಅದು ನೀನೇ ಇಟ್ಕೋ," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಮರದ ಮೆಟ್ಟಿಲುಗಳ ಮೇಲೆ ಅವಳು ಇಳಿಯುವ ಸದ್ದು, ಗುಲಾಬಿ ಅಕ್ಕ ತುಳುವಿನಲ್ಲಿ ಅವಳನ್ನು ಕರೆದದ್ದು, ಟೆಂಪೊ ಹೊರಟದ್ದು ಎಲ್ಲ ಕೇಳಿಸಿತು. ನಾನು ಗ್ಯಾಲರಿಗೆ ಹೋಗಿ ಬಗ್ಗಿ ನೋಡಲಿಲ್ಲ. ಡೊಂಬಿವಲಿಯಿಂದ ತುರ್ಭೆ ಅಂಥ ದೂರವಲ್ಲ. ಮುಂದೆ ನಾನು ಅದೇ ದಾರಿಯಲ್ಲಿ ಎಷ್ಟೋ ವರ್ಷ ನೌಕರಿಗೆ ಓಡಾಡಿದೆ, ಅವಳನ್ನು ಹುಡುಕಿಕೊಂಡು ಒಂದು ದಿನವೂ ಹೋಗಲಿಲ್ಲ. ಅತ್ತೆಯ ಮೂರ್ಖತನ, ಅಪ್ಪನ ಹೇಡಿತನ, ಅವ್ವನ ಮೌನ ಎಂದು ಎಲ್ಲರನ್ನೂ ಹೀಯಾಳಿಸುವುದಕ್ಕೆ ಮಾತ್ರ ನನಗೆ ಸಮಯವಿತ್ತು.

"ಶಾಣ್ಯಾಕಿ," ಎಂದಳು ಅತ್ತೆ, ಹೊಸ್ತಿಲು ನೋಡಿ. "ಈಗ ದೊಡ್ಡಾಕಿ ಆದಿ ನೀನು. ಕೈ ತೊಳಕೊಂಡು ಒಳಗ ಬಾ."

ಫ್ರಾಕನ್ನು ಚಪ್ಪಲಿಯ ಗೂಡಿನ ಮೇಲೆ ಒಣಹಾಕಿ, ಕೈ ತೊಳೆದುಕೊಂಡು ಅಡಿಗೆಮನೆಯ ಹೊಸ್ತಿಲು ದಾಟಿದೆ. ಅತ್ತೆ ತುಂಗಾಳ ಪಕ್ಕದಲ್ಲಿ ನನಗೊಂದು ಮಣೆ ಹಾಕಿದಳು. ಪಾಯಸ ಬಡಿಸಿದಳು. ಚೆನ್ನಾಗಿತ್ತು. ಇನ್ನೊಂದು ಸಲ ಹಾಕಿಸಿಕೊಂಡೆ.